ಹಳೆಯ ತಾರಾ ಅಟ್ಲಾಸ್‌ಗಳಲ್ಲಿ ನಿಮಗೆ ಯಾವುದು? ಬಾಯರ್, ಹೆವೇಲಿಯಸ್, ಫ್ಲ್ಯಾಮ್‌ಸ್ಟೀಡ್, ಬೋಡೆ

ಹಳೆಯ ಕಾಲದ ತಾರಾ ನಕ್ಷೆ ಬೇಕು ಅಂತ ಇಂಟರ್ನೆಟ್‌ನಲ್ಲಿ ಹುಡುಕಿದರೆ ಚಿತ್ರಗಳಿಗೆ ಕೊರತೆ ಇಲ್ಲ. ಸಿಂಹ, ಕರಡಿ, ದೊಣ್ಣೆ ಎತ್ತಿದ ಬೇಟೆಗಾರ, ರೆಕ್ಕೆಯ ಕುದುರೆ, ಎಲ್ಲ ಸಾಲಾಗಿ ಬರುತ್ತವೆ. ಎಲ್ಲವೂ ಚೆಂದ. ಮೊದಲ ನೋಟಕ್ಕೆ ಎಲ್ಲವೂ ಒಂದೇ ಥರ ಕೂಡ. ಹಾಗಾಗಿ ಬಣ್ಣ ನೋಡಿ ಒಂದನ್ನು ಆರಿಸಿ ಪ್ರಿಂಟ್ ಹಾಕಿಸುವವರೇ ಜಾಸ್ತಿ. ಆಮೇಲೆ ಯಾರೋ ಅದನ್ನು ರಾತ್ರಿ ಮಹಡಿಗೆ ತೆಗೆದುಕೊಂಡು ಹೋಗಿ ಮೇಲೆ ನೋಡಿದರೆ, ಎಡದಲ್ಲಿರಬೇಕಾದ ನಕ್ಷತ್ರ ಬಲದಲ್ಲಿ, ಬಲದ್ದು ಎಡದಲ್ಲಿ.

ಯುರೋಪಿನಲ್ಲಿ 1603ರಿಂದ 1801ರವರೆಗೆ ನಾಲ್ಕು ದೊಡ್ಡ ತಾರಾ ಅಟ್ಲಾಸ್‌ಗಳು ಅಚ್ಚಾದವು. ಬಾಯರ್‌ನದು, ಹೆವೇಲಿಯಸ್‌ನದು, ಫ್ಲ್ಯಾಮ್‌ಸ್ಟೀಡ್‌ನದು, ಬೋಡೆಯದು. ಇವತ್ತು ಪೋಸ್ಟರ್‌ಗಳಲ್ಲಿ, ಪುಸ್ತಕದ ಮುಖಪುಟಗಳಲ್ಲಿ ಕಾಣುವ ಹಳೆಯ ನಕ್ಷತ್ರ ಚಿತ್ರಗಳಲ್ಲಿ ಬಹಳಷ್ಟು ಈ ನಾಲ್ಕರಿಂದ ಬಂದವು, ಇಲ್ಲವೇ ಇವನ್ನು ನೋಡಿ ಬರೆದವು. ನಾಲ್ಕೂ ಬೇರೆ ಬೇರೆ ಕೆಲಸಕ್ಕೆ ಒಳ್ಳೆಯವು. ಚಿತ್ರ ಎಷ್ಟು ಚೆನ್ನಾಗಿದೆ ಅಂತ ಕೇಳುವ ಮೊದಲು, ಬರೆದವನು ಎಲ್ಲಿ ನಿಂತಿದ್ದ ಅಂತ ಕೇಳಿ. ಆಕಾಶವನ್ನು ಒಳಗಿನಿಂದ ನೋಡಿ ಬರೆದನಾ, ಹೊರಗಿನಿಂದ ನೋಡಿದ ಹಾಗೆ ಬರೆದನಾ? ಭೂಮಿಯ ಮೇಲೆ ಯಾವ ಊರಿನಲ್ಲಿ ಕೂತಿದ್ದ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಒಳಗಿನಿಂದಲೋ, ಹೊರಗಿನಿಂದಲೋ

ಹಿಂದಿನವರು ಆಕಾಶವನ್ನು ಒಂದು ದೊಡ್ಡ ಗೋಳ ಅಂತ ತಿಳಿದಿದ್ದರು, ನಾವು ಅದರ ನಡುವೆ. ಅದೇ ಗೋಳದ ಸಣ್ಣ ಮಾದರಿ ಮಾಡಿ ಮೇಜಿನ ಮೇಲಿಟ್ಟರೆ ನೋಡುವವನು ಗೋಳದ ಹೊರಗೆ ನಿಂತಂತಾಯಿತು. ಅಲ್ಲಿಂದ ಕಾಣುವುದು ಆಕಾಶದ ಕನ್ನಡಿ ಬಿಂಬ. ನಕ್ಷೆ ಬರೆದವರಲ್ಲಿ ಕೆಲವರು ಈ ಗೋಳದ ಪ್ರಕಾರ ಬರೆದರು, ಕೆಲವರು ತಲೆ ಎತ್ತಿದಾಗ ಕಂಡ ಆಕಾಶದ ಪ್ರಕಾರ ಬರೆದರು. ಯುರೋಪಿನಲ್ಲಿ ಅಚ್ಚಾದ ಮೊದಲ ತಾರಾ ನಕ್ಷೆಗಳು ಅಂದರೆ 1515ರಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಮಾಡಿದ ಎರಡು ಮರದಚ್ಚಿನ ಹಾಳೆಗಳು. ಅವು ಗೋಳದ ಪ್ರಕಾರವೇ ಇವೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಗೆಹರಿಸಿದವನು ಪರ್ಷಿಯಾದ ಅಲ್-ಸೂಫಿ. 964ರ ಸುಮಾರಿಗೆ ಅರಬ್ಬಿಯಲ್ಲಿ ಬರೆದ ಸ್ಥಿರ ನಕ್ಷತ್ರಗಳ ಪುಸ್ತಕದಲ್ಲಿ ಆತ ಪ್ರತಿ ನಕ್ಷತ್ರಪುಂಜಕ್ಕೂ ಎರಡೆರಡು ಚಿತ್ರ ಕೊಟ್ಟ. ಒಂದು ಆಕಾಶದಲ್ಲಿ ಕಾಣುವ ಹಾಗೆ, ಇನ್ನೊಂದು ಗೋಳದ ಮೇಲೆ ಕಾಣುವ ಹಾಗೆ. ಎಷ್ಟು ಸರಳ, ಎಷ್ಟು ಪ್ರಾಮಾಣಿಕ, ಅಲ್ವಾ? ಮೇಲೆ ಹೇಳಿದ ನಾಲ್ಕು ಅಟ್ಲಾಸ್‌ಗಳಲ್ಲಿ ಒಂದೂ ಇಷ್ಟು ಉಪಕಾರ ಮಾಡುವುದಿಲ್ಲ. ಇವತ್ತು ನಾವು ಆಂಡ್ರೊಮಿಡಾ ಗೆಲಾಕ್ಸಿ ಅನ್ನುವುದನ್ನು ಸಣ್ಣ ಮೋಡದಂಥದ್ದು ಅಂತ ಬರೆದಿಟ್ಟವನೂ ಆತನೇ. 15ನೇ ಶತಮಾನದಲ್ಲಿ ಸಮರ್‌ಕಂದದ ಉಲುಗ್ ಬೇಗ್‌ಗಾಗಿ ಮಾಡಿದ ಒಂದು ಪ್ರತಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಆ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಸ್ಕ್ಯಾನ್ ಉಚಿತವಾಗಿ ಸಿಗುತ್ತದೆ. ಇದು ನಾಲ್ಕು ಅಟ್ಲಾಸ್‌ಗಳ ಪೈಪೋಟಿಗೆ ಸೇರಿದ್ದಲ್ಲ, ಆದರೂ ಒಂದು ಸಂಜೆ ಕೂತು ನೋಡಿ. ನಕ್ಷೆ ಎರಡು ಬಗೆ ಅನ್ನುವುದು ಇದನ್ನು ನೋಡಿದ ಮೇಲೆ ಮರೆಯುವುದಿಲ್ಲ.

ಕೈಯಲ್ಲಿರುವ ನಕ್ಷೆ ಯಾವ ಬಗೆ ಅಂತ ತಿಳಿಯಲು ಓರಿಯನ್, ಅಂದರೆ ನಮ್ಮ ಮಹಾವ್ಯಾಧ, ಒಂದೇ ಸಾಕು. ಜನವರಿ ಕೊನೆಗೆ ರಾತ್ರಿ ಒಂಬತ್ತರ ಹೊತ್ತಿಗೆ ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ ನೆತ್ತಿಯ ಹತ್ತಿರ, ಸ್ವಲ್ಪ ದಕ್ಷಿಣಕ್ಕೆ ಇರುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿ. ಕೆಂಪಗಿನ ಆರ್ದ್ರಾ ಎಡಗಡೆ ಮೇಲೆ, ನೀಲಿ ಬಿಳುಪಿನ ರೀಗೆಲ್ ಬಲಗಡೆ ಕೆಳಗೆ, ವೃಷಭ ಬಲಕ್ಕೆ. ನಕ್ಷೆಯಲ್ಲಿ ಉತ್ತರ ಮೇಲೆ ಬರುವ ಹಾಗೆ ಹಿಡಿದಾಗ ವೃಷಭ ಓರಿಯನ್‌ನ ಬಲಕ್ಕಿದ್ದರೆ ಅದು ಆಕಾಶದಲ್ಲಿ ಕಾಣುವ ಹಾಗೆ ಬರೆದದ್ದು. ಎಡಕ್ಕಿದ್ದರೆ ಗೋಳದ ಪ್ರಕಾರ ಬರೆದದ್ದು. ಓರಿಯನ್ ಇಲ್ಲದ ಹಾಳೆಯಾದರೆ ಸಿಂಹವನ್ನು ನೋಡಿ. ಆಕಾಶದ ಸಿಂಹಕ್ಕೆ ಮುಖ ಬಲಕ್ಕೆ, ಗೋಳದ ಸಿಂಹಕ್ಕೆ ಎಡಕ್ಕೆ.

ಬಾಯರ್, 1603

ಯೋಹಾನ್ ಬಾಯರ್ ಜರ್ಮನಿಯ ಆಗ್ಸ್‌ಬರ್ಗ್ ಊರಿನ ವಕೀಲ. ಆತನ ಯುರಾನೊಮೆಟ್ರಿಯಾದಲ್ಲಿ 51 ಹಾಳೆಗಳಿವೆ. ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿ ಹೇಳಿದ 48 ಪುಂಜಗಳಿಗೆ ಒಂದೊಂದು ಹಾಳೆ, ದಕ್ಷಿಣದ 12 ಹೊಸ ಪುಂಜಗಳಿಗೆ ಎಲ್ಲ ಸೇರಿಸಿ ಒಂದು, ಕೊನೆಗೆ ಉತ್ತರ ದಕ್ಷಿಣದ ಅರ್ಧಗೋಳಗಳು ಎರಡು. ತಾಮ್ರದ ತಗಡಿನಲ್ಲಿ ಕೆತ್ತಿದವನು ಅಲೆಕ್ಸಾಂಡರ್ ಮೈರ್. ನಕ್ಷತ್ರಗಳ ಸ್ಥಾನಕ್ಕೆ ಬಾಯರ್ ಹೆಚ್ಚಾಗಿ ನಂಬಿದ್ದು ಡೆನ್ಮಾರ್ಕಿನ ಟೈಕೋ ಬ್ರಾಹೆಯ ಅಳತೆಗಳನ್ನು. ದೂರದರ್ಶಕ ಬರುವ ಮುಂಚಿನ ಕಾಲ ಅದು, ಎಲ್ಲ ಬರಿಗಣ್ಣಿನ ಕೆಲಸ.

ಪುಂಜದ ನಕ್ಷತ್ರಗಳಿಗೆ ಆಲ್ಫಾ, ಬೀಟಾ, ಗಾಮಾ ಅಂತ ಗ್ರೀಕ್ ಅಕ್ಷರ ಹಚ್ಚಿದ್ದು ಈ ಪುಸ್ತಕವೇ. ನಾವು ಇವತ್ತಿಗೂ ಆಲ್ಫಾ ಸೆಂಟಾರಿ ಅನ್ನುವುದು ಬಾಯರ್‌ನಿಂದ. ಆಲ್ಫಾ ಅಂದರೆ ಯಾವಾಗಲೂ ಅತಿ ಹೊಳಪಿನದ್ದು ಅಂತ ತಿಳಿಯಬೇಡಿ. ಓರಿಯನ್‌ನಲ್ಲಿ ಆಲ್ಫಾ ಸಿಕ್ಕಿದ್ದು ಆರ್ದ್ರಾಕ್ಕೆ, ಸಾಮಾನ್ಯವಾಗಿ ಅದಕ್ಕಿಂತ ಹೊಳೆಯುವ ರೀಗೆಲ್‌ಗೆ ಬೀಟಾ. ಬಾಯರ್ ನಕ್ಷತ್ರಗಳನ್ನು ಹೊಳಪಿನ ದರ್ಜೆಗಳಾಗಿ ವಿಂಗಡಿಸುತ್ತಿದ್ದ, ಒಂದೇ ದರ್ಜೆಯೊಳಗೆ ಯಾವುದು ಮುಂದೆ ಅಂತ ತೂಗಿ ನೋಡುತ್ತಿರಲಿಲ್ಲ.

ಒಂದು ಪುಂಜಕ್ಕೆ ಒಂದು ಹಾಳೆ ಅನ್ನುವುದು ಹೊಸದಾಗಿ ಕಲಿಯುವವರಿಗೆ ತುಂಬಾ ಅನುಕೂಲ. ಒಂದು ರಾತ್ರಿಗೆ ಒಂದು ಹಾಳೆ ಇಟ್ಟುಕೊಂಡು ಕೂರಬಹುದು. ಆದರೆ ಪಕ್ಕದ ಪುಂಜ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುವುದು ಕಷ್ಟ. ಇನ್ನೊಂದು ತೊಡಕೂ ಇದೆ. ಬಾಯರ್ ನಕ್ಷತ್ರಗಳನ್ನು ಆಕಾಶದಲ್ಲಿ ಕಾಣುವ ಹಾಗೆಯೇ ಇಟ್ಟ, ಅದು ಸರಿ. ಆದರೆ ಬಹಳಷ್ಟು ಮನುಷ್ಯರೂಪಗಳನ್ನು ನಮಗೆ ಬೆನ್ನು ಮಾಡಿ ನಿಲ್ಲಿಸಿದ. ಹಳೆಯ ಗ್ರಂಥದಲ್ಲಿ ಬಲ ಭುಜದ ನಕ್ಷತ್ರ ಅಂದದ್ದು ಬಾಯರ್‌ನ ಚಿತ್ರದಲ್ಲಿ ಎಡ ಭುಜಕ್ಕೆ ಬಂತು. ನೂರು ವರ್ಷ ಆದಮೇಲೂ ಫ್ಲ್ಯಾಮ್‌ಸ್ಟೀಡ್‌ಗೆ ಇದರ ಸಿಟ್ಟು ಹೋಗಿರಲಿಲ್ಲ. ನಮಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ನಕ್ಷತ್ರದ ಜಾಗ ಸರಿ ಇದೆ. ಹಳೆಯ ವಿವರಣೆಗಳನ್ನು ಜೊತೆಗಿಟ್ಟು ಓದುವವರಿಗೆ ಮಾತ್ರ ಗೊಂದಲ ಆಗುತ್ತದೆ.

ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸುವುದಾದರೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಗೆರೆ ದಪ್ಪ, ನಕ್ಷತ್ರ ಎದ್ದು ಕಾಣುತ್ತದೆ, ಎ4 ಹಾಳೆಯಲ್ಲೂ ಓದಬಹುದು.

ಹೆವೇಲಿಯಸ್, 1690

ಚಿತ್ರದ ಸೊಗಸಿಗೆ ಮಾತ್ರ ಅಂಕ ಕೊಡುವುದಾದರೆ ನನ್ನ ಓಟು ಇವನಿಗೆ. ಡಾನ್ಸಿಗ್ ಊರಿನ, ಅಂದರೆ ಇಂದಿನ ಪೋಲೆಂಡಿನ ಗ್ಡಾನ್ಸ್ಕ್‌ನ, ಯೋಹಾನೆಸ್ ಹೆವೇಲಿಯಸ್‌ದು ಬಿಯರ್ ತಯಾರಿಸುವ ಮನೆತನ. ಮನೆಗಳ ಮಾಡಿನ ಮೇಲೆ ವೀಕ್ಷಣಾಲಯ ಕಟ್ಟಿಕೊಂಡಿದ್ದ. ಎರಡನೇ ಹೆಂಡತಿ ಎಲಿಜಬೆತಾ ಬರಿಯ ಸಹಾಯಕಿ ಅಲ್ಲ, ಜೊತೆಗೆ ನಿಂತು ಅಳತೆ ಮಾಡಿದವಳು. ಇಬ್ಬರೂ ನಕ್ಷತ್ರಗಳ ನಡುವಿನ ಕೋನ ಅಳೆಯುವ ದೊಡ್ಡ ಸೆಕ್ಸ್‌ಟೆಂಟ್ ಹಿಡಿದು ನಿಂತ ಚಿತ್ರ ಹೆವೇಲಿಯಸ್ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಇದೆ. 1679ರಲ್ಲಿ ಬೆಂಕಿ ಬಿದ್ದು ವೀಕ್ಷಣಾಲಯ, ಉಪಕರಣ, ಪುಸ್ತಕ ಎಲ್ಲ ಸುಟ್ಟುಹೋಯಿತು. ಹೆವೇಲಿಯಸ್‌ಗೆ ಆಗಲೇ ವಯಸ್ಸು ಅರವತ್ತು ದಾಟಿತ್ತು. ಮತ್ತೆ ಕಟ್ಟಿದರು. 1687ರಲ್ಲಿ ಆತ ತೀರಿಕೊಂಡ ಮೇಲೆ ಕೆಲಸವನ್ನು ಮುಗಿಸಿ ಹೊರತಂದದ್ದು ಎಲಿಜಬೆತಾ. ಅಟ್ಲಾಸ್‌ನ ಹೆಸರು ಫರ್ಮಾಮೆಂಟಮ್ ಸೋಬಿಯೆಸ್ಕಿಯಾನಮ್, ಪೋಲೆಂಡಿನ ರಾಜ ಮೂರನೇ ಯಾನ್ ಸೋಬಿಯೆಸ್ಕಿಗೆ ಗೌರವ.

ಗುರಾಣಿ, ನರಿ, ಹಲ್ಲಿ, ಬೇಟೆನಾಯಿಗಳು, ಸಣ್ಣ ಸಿಂಹ, ಕಾಡುಬೆಕ್ಕಿನ ಜಾತಿಯ ಲಿಂಕ್ಸ್, ಸೆಕ್ಸ್‌ಟೆಂಟ್, ಇವೆಲ್ಲ ಹೆವೇಲಿಯಸ್ ಸೇರಿಸಿದ ಪುಂಜಗಳು. ಏಳೂ ಇವತ್ತು ಖಗೋಳಜ್ಞರು ಒಪ್ಪಿರುವ 88 ಪುಂಜಗಳ ಪಟ್ಟಿಯಲ್ಲಿ ಉಳಿದಿವೆ. ಸೆಕ್ಸ್‌ಟೆಂಟ್ ಅಂತೂ ಬೆಂಕಿಯಲ್ಲಿ ಹೋದ ಉಪಕರಣದ ನೆನಪಿಗೆ. ಆ ಹಾಳೆ ನೋಡುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ.

ಆದರೆ ಇಡೀ ಅಟ್ಲಾಸ್ ಹೊರಗಿನ ನೋಟದ್ದು. ಇದನ್ನು ಹಿಡಿದುಕೊಂಡು ಆಕಾಶ ನೋಡಲು ಹೋಗಬೇಡಿ. ಫೋನಿನಲ್ಲಿ ಚಿತ್ರವನ್ನು ಎಡ ಬಲ ತಿರುಗಿಸಿಕೊಂಡರೆ ನಕ್ಷತ್ರಗಳು ಸರಿಯಾಗುತ್ತವೆ, ಅಕ್ಷರಗಳು ಉಲ್ಟಾ ಆಗುತ್ತವೆ. ಹೆಸರು ಓದಬೇಕಾಗಿಲ್ಲ, ಆಕಾರ ಸಾಕು ಅನ್ನುವವರಿಗೆ ಅದೂ ನಡೆಯುತ್ತದೆ. ಗೋಡೆಗೆ ಹಾಕಲು, ಚಿತ್ರಕಲೆಯ ಆಸಕ್ತಿ ಇರುವವರಿಗೆ ಕೊಡಲು ಹೆವೇಲಿಯಸ್‌ನನ್ನೇ ಆರಿಸಿ. ಪ್ರಾಣಿಗಳ ಮೈಕಟ್ಟು, ಕೂದಲಿನ ಗೆರೆ, ಬಟ್ಟೆಯ ಮಡಿಕೆ ನೋಡುತ್ತಾ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಫ್ಲ್ಯಾಮ್‌ಸ್ಟೀಡ್, 1729

ಜಾನ್ ಫ್ಲ್ಯಾಮ್‌ಸ್ಟೀಡ್ ಇಂಗ್ಲೆಂಡಿನ ಮೊದಲ ರಾಜ ಖಗೋಳಜ್ಞ, ಅಂದರೆ ರಾಜ ನೇಮಿಸಿದ ಖಗೋಳಜ್ಞ, ಗ್ರೀನ್‌ವಿಚ್‌ನಲ್ಲಿ ಕೂತು ನಲವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದವನು. ಹೆವೇಲಿಯಸ್ ನಕ್ಷತ್ರದ ಸ್ಥಾನ ಅಳೆಯಲು ಕೊನೆಯವರೆಗೂ ಬರಿಗಣ್ಣನ್ನೇ ನಂಬಿದ್ದ, ಫ್ಲ್ಯಾಮ್‌ಸ್ಟೀಡ್ ದೂರದರ್ಶಕ ಕೂರಿಸಿದ ಉಪಕರಣ ಬಳಸಿದ. ಹಾಗಾಗಿ ಸ್ಥಾನಗಳು ಹಿಂದಿನ ಎರಡಕ್ಕಿಂತ ಬಹಳ ನಿಖರ. ಪಟ್ಟಿಯಲ್ಲಿ ಸುಮಾರು 3,000 ನಕ್ಷತ್ರಗಳಿವೆ.

ಕೆಲಸ ಪೂರ್ತಿ ಆಗದೆ ಕೊಡುವುದಿಲ್ಲ ಅಂತ ಆತ ಹಟ ಹಿಡಿದಿದ್ದ. ಕಾಯಲಾಗದೆ ನ್ಯೂಟನ್ ಮತ್ತು ಖಗೋಳಜ್ಞ ಹ್ಯಾಲಿ ಸೇರಿ 1712ರಲ್ಲಿ ಆ ಪಟ್ಟಿಯನ್ನು ಆತನ ಒಪ್ಪಿಗೆ ಇಲ್ಲದೆಯೇ ಅಚ್ಚು ಹಾಕಿಸಿದರು. 400 ಪ್ರತಿಗಳಲ್ಲಿ 300 ಆಮೇಲೆ ಫ್ಲ್ಯಾಮ್‌ಸ್ಟೀಡ್ ಕೈಗೆ ಸಿಕ್ಕವು, ಆತ ಅವನ್ನು ಸುಟ್ಟುಹಾಕಿದ. ಅಟ್ಲಾಸ್ ಬಂದದ್ದು ಆತ ಸತ್ತು ಹತ್ತು ವರ್ಷಕ್ಕೆ. ಇಲ್ಲೂ ಹೆಂಡತಿಯೇ ಮುಂದೆ ನಿಂತದ್ದು, ಮಾರ್ಗರೆಟ್. ಜೊತೆಗೆ ಆತನ ಹಳೆಯ ಸಹಾಯಕರು. ಹೆವೇಲಿಯಸ್ ಮತ್ತು ಫ್ಲ್ಯಾಮ್‌ಸ್ಟೀಡ್, ಎರಡು ದೊಡ್ಡ ಅಟ್ಲಾಸ್‌ಗಳನ್ನು ಇಬ್ಬರು ವಿಧವೆಯರು ಉಳಿಸಿಕೊಟ್ಟರು ಅನ್ನುವುದನ್ನು ಖಗೋಳದ ಪುಸ್ತಕಗಳು ಇನ್ನೂ ಜಾಸ್ತಿ ಹೇಳಬೇಕು.

ಬಳಕೆಯ ಮಾತಿಗೆ ಬಂದರೆ, ಇದು ಒಳಗಿನ ನೋಟದ್ದು. ಮನುಷ್ಯರೂಪಗಳೂ ಟಾಲೆಮಿ ಹೇಳಿದ ಹಾಗೆ ಇವೆ, ಬಲ ಭುಜ ಬಲ ಭುಜವೇ. ಒಂದು ಹಾಳೆಯಲ್ಲಿ ಒಂದಕ್ಕಿಂತ ಹೆಚ್ಚು ಪುಂಜ ಬರುವುದರಿಂದ ಆಕಾಶದಲ್ಲಿ ಒಂದರಿಂದ ಇನ್ನೊಂದಕ್ಕೆ ದಾರಿ ಹಿಡಿಯುವುದು ಸುಲಭ. ಚಿತ್ರಗಳು ಹೆವೇಲಿಯಸ್‌ನವುಗಳಷ್ಟು ಜೀವಂತ ಅಲ್ಲ, ಕೆಲವು ಮುಖಗಳು ಸಪ್ಪೆ. ಆದರೆ ಗೆರೆ ತೆಳ್ಳಗೆ, ನಕ್ಷತ್ರಗಳನ್ನು ನುಂಗುವುದಿಲ್ಲ.

61 ಸಿಗ್ನಿ, 51 ಪೆಗಾಸಿ ಅನ್ನುವ ಸಂಖ್ಯೆಗಳನ್ನು ಇವತ್ತು ಫ್ಲ್ಯಾಮ್‌ಸ್ಟೀಡ್ ಸಂಖ್ಯೆ ಅನ್ನುತ್ತಾರೆ. ಆ ಸಂಖ್ಯೆಗಳನ್ನು ಈ ಅಟ್ಲಾಸ್‌ನ ಹಾಳೆಗಳಲ್ಲಿ ಹುಡುಕಬೇಡಿ, ಅಲ್ಲಿ ಇರುವುದು ಬಾಯರ್‌ನ ಅಕ್ಷರಗಳೇ. ಇನ್ನೊಂದು ವಿಷಯ ಖುಷಿ ಕೊಡುತ್ತದೆ: 1690ರಲ್ಲಿ ಫ್ಲ್ಯಾಮ್‌ಸ್ಟೀಡ್ ವೃಷಭದಲ್ಲಿ ಒಂದು ನಕ್ಷತ್ರ ಗುರುತಿಸಿದ್ದ. ಆಮೇಲೆ ಅದಕ್ಕೆ 34 ಟೌರಿ ಅನ್ನುವ ಸಂಖ್ಯೆ ಬಂತು. ಅದು ನಕ್ಷತ್ರವೇ ಅಲ್ಲ, ಯುರೇನಸ್ ಗ್ರಹ. ಖಗೋಳಜ್ಞ ವಿಲಿಯಂ ಹರ್ಷೆಲ್ ಅದನ್ನು ಕಂಡುಹಿಡಿದದ್ದು 1781ರಲ್ಲಿ, ಅಂದರೆ ತೊಂಬತ್ತು ವರ್ಷ ಆದಮೇಲೆ.

ಮೂಲ ಅಟ್ಲಾಸ್ ತುಂಬಾ ದೊಡ್ಡದು, ಕೈಯಲ್ಲಿ ಹಿಡಿದು ಓದುವಂಥದ್ದಲ್ಲ. ಪ್ಯಾರಿಸ್‌ನಲ್ಲಿ ಫೋರ್ತ್ಯಾಂ 1776ರಲ್ಲಿ ಅದನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿ ಅಚ್ಚು ಹಾಕಿದ. ಆಕಾಶದ ಕೆಳಗೆ ನಿಂತು ಬಳಸಲು ನಿಮಗೆ ಬೇಕಾದದ್ದು ಈ ಸಣ್ಣ ಫ್ರೆಂಚ್ ಮುದ್ರಣ. ಟ್ಯಾಬ್ಲೆಟ್ ಪರದೆಯಲ್ಲೂ ಸರಿಯಾಗಿ ಕೂರುತ್ತದೆ.

ಬೋಡೆ, 1801, ಮತ್ತು ನಮ್ಮ ದಕ್ಷಿಣದ ಆಕಾಶ

ಬರ್ಲಿನ್‌ನ ಯೋಹಾನ್ ಎಲರ್ಟ್ ಬೋಡೆಯ ಯುರಾನೊಗ್ರಾಫಿಯಾ ಈ ಸಾಲಿನ ಕೊನೆಯ ದೊಡ್ಡ ಅಟ್ಲಾಸ್. ಹರ್ಷೆಲ್ ಕಂಡ ಗ್ರಹಕ್ಕೆ ಯುರೇನಸ್ ಅಂತ ಹೆಸರು ಸೂಚಿಸಿದ ಬೋಡೆ ಇವನೇ. ಇಪ್ಪತ್ತೇ ಹಾಳೆ, ಆದರೆ ಅವುಗಳಲ್ಲಿ 17,000ಕ್ಕೂ ಹೆಚ್ಚು ನಕ್ಷತ್ರ. ಫ್ಲ್ಯಾಮ್‌ಸ್ಟೀಡ್‌ಗಿಂತ ಐದು ಪಟ್ಟಿಗೂ ಮೀರಿ. ಹರ್ಷೆಲ್ ಗುರುತಿಸಿದ ನೆಬ್ಯುಲಾಗಳೂ, ಅಂದರೆ ಮೋಡದಂಥ ಮಸುಕು ಆಕೃತಿಗಳೂ ಇವೆ. ಪುಂಜಗಳ ನಡುವೆ ಗಡಿಗೆರೆ ಕೂಡ ಹಾಕಿದ್ದಾನೆ. ನಾವು ಈಗ ಬಳಸುವ ಗಡಿಗಳು ಇವಲ್ಲ. ಅವನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿದ್ದು 1928ರಲ್ಲಿ, ಬೆಲ್ಜಿಯಂನ ಯೂಜೀನ್ ಡೆಲ್ಪೋರ್ಟ್ ಎಳೆದ ಗೆರೆಗಳ ಪ್ರಕಾರ.

ಬೋಡೆಯ ಆಕಾಶದಲ್ಲಿ ಜನಸಂದಣಿ ಜಾಸ್ತಿ. ಮುದ್ರಣಾಲಯ, ವಿದ್ಯುತ್ ಯಂತ್ರ, ಬಿಸಿಗಾಳಿ ಬಲೂನು, ಲಲಾಂದ್ ಎಂಬ ಫ್ರೆಂಚ್ ಖಗೋಳಜ್ಞನ ಪ್ರೀತಿಯ ಬೆಕ್ಕು, ಎಲ್ಲಕ್ಕೂ ಪುಂಜ. ಇವುಗಳಲ್ಲಿ ಒಂದೂ ಇವತ್ತಿನ ಪಟ್ಟಿಯಲ್ಲಿ ಇಲ್ಲ. ಹೊಸಬರಿಗೆ ಇದು ತಲೆಬಿಸಿ. ಒಂದು ಹಾಳೆಯಲ್ಲಿ ಏನು ಮುಖ್ಯ, ಏನು ಅಲ್ಲ ಅಂತ ತಿಳಿಯುವುದಿಲ್ಲ. ಸ್ವಲ್ಪ ಆಕಾಶ ಪರಿಚಯ ಇರುವವರಿಗೆ ಮಾತ್ರ ಹಬ್ಬ.

ಆದರೂ ಕರ್ನಾಟಕದಲ್ಲಿ ಕೂತವರಿಗೆ ಬೋಡೆ ಮುಖ್ಯ ಅಂತ ನಾನು ಹೇಳುವುದಕ್ಕೆ ಕಾರಣ ಬೇರೆ. ಹೆವೇಲಿಯಸ್ ಇದ್ದದ್ದು 54 ಡಿಗ್ರಿ ಉತ್ತರದಲ್ಲಿ, ಫ್ಲ್ಯಾಮ್‌ಸ್ಟೀಡ್ 51 ಡಿಗ್ರಿ ದಾಟಿ. ಬೆಂಗಳೂರು 13 ಡಿಗ್ರಿಯಲ್ಲಿದೆ, ಬೀದರ್ ಸುಮಾರು 18ರಲ್ಲಿ. ಅವರಿಗೆ ಎಂದೂ ಮೇಲೇಳದ ಎಷ್ಟೋ ನಕ್ಷತ್ರಗಳು ನಮಗೆ ಸಲೀಸಾಗಿ ಕಾಣುತ್ತವೆ. ಅಗಸ್ತ್ಯ ನಕ್ಷತ್ರವನ್ನೇ ತೆಗೆದುಕೊಳ್ಳಿ. ರಾತ್ರಿ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅತಿ ಹೊಳಪಿನದ್ದು ಅದೇ. ಫೆಬ್ರವರಿ ಸಂಜೆ ಬೆಂಗಳೂರಿನ ದಕ್ಷಿಣ ದಿಗಂತದಿಂದ ಸುಮಾರು 24 ಡಿಗ್ರಿ ಮೇಲೆ ಬರುತ್ತದೆ. ಗ್ರೀನ್‌ವಿಚ್‌ನಲ್ಲಿ ಅದು ಹುಟ್ಟುವುದೇ ಇಲ್ಲ. ಫ್ಲ್ಯಾಮ್‌ಸ್ಟೀಡ್ ತನ್ನ ಜೀವಮಾನ ಪೂರ್ತಿ ಅಳೆದ ಆಕಾಶದಲ್ಲಿ ಅಗಸ್ತ್ಯ ಇರಲಿಲ್ಲ. ತ್ರಿಶಂಕು ಅಂತ ಕರೆಯುವ ದಕ್ಷಿಣದ ಶಿಲುಬೆ, ಸೆಂಟಾರಸ್‌ನ ಕಾಲುಗಳು, ಹಡಗು ಅನ್ನುವ ಪುಂಜದ ಕೆಳಭಾಗ, ಇವೆಲ್ಲ ನಮ್ಮ ಆಕಾಶದ್ದು, ಆತನದ್ದಲ್ಲ. ಆ ಅಟ್ಲಾಸ್‌ನಲ್ಲಿ ದಕ್ಷಿಣ ಅರ್ಧಗೋಳದ ಒಂದು ಹಾಳೆ ಇದೆ ನಿಜ, ವಿವರ ಬೇಕಾದವರಿಗೆ ಅದು ಸಾಲದು.

ಬಾಯರ್ ಇಡೀ ಆಕಾಶವನ್ನು ತೋರಿಸುತ್ತಾನೆ. ನವಿಲು, ಕೊಕ್ಕರೆ, ಹಾರುವ ಮೀನು, ಊಸರವಳ್ಳಿಗಳಿರುವ 49ನೇ ಹಾಳೆ ಡಚ್ ನಾವಿಕರು ಪೂರ್ವ ದೇಶಗಳಿಗೆ ಬಂದಾಗ ಮಾಡಿದ ವೀಕ್ಷಣೆಗಳಿಂದ ಬಂದದ್ದು, ಕೆಯ್ಸರ್ ಮತ್ತು ಹೌಟ್‌ಮನ್ ಅನ್ನುವವರ ಕೆಲಸ. ಹಾಳೆ ತುಂಬಾ ಚೆಂದ, ಸ್ಥಾನಗಳು ಒರಟು. ಹ್ಯಾಲಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿ 341 ದಕ್ಷಿಣದ ನಕ್ಷತ್ರ ಅಳೆದು ತಂದ. ಹೆವೇಲಿಯಸ್ ಅಟ್ಲಾಸ್‌ನ ದಕ್ಷಿಣ ಭಾಗ ನಿಂತಿರುವುದು ಆ ಅಳತೆಗಳ ಮೇಲೆ. ನಿಜವಾದ ದೊಡ್ಡ ಕೆಲಸ ಆದದ್ದು 1751-52ರಲ್ಲಿ. ಫ್ರಾನ್ಸಿನ ಲಕಾಯ್ ಆಫ್ರಿಕಾದ ಗುಡ್ ಹೋಪ್ ಭೂಶಿರದಲ್ಲಿ ಕೂತು ಹತ್ತಿರ ಹತ್ತಿರ 10,000 ನಕ್ಷತ್ರ ಗುರುತಿಸಿದ, 14 ಹೊಸ ಪುಂಜ ಮಾಡಿದ. ಸೂಕ್ಷ್ಮದರ್ಶಕ, ದೂರದರ್ಶಕ, ಗಡಿಯಾರ, ಗಾಳಿ ಪಂಪು, ಹೀಗೆ ಉಪಕರಣಗಳ ಹೆಸರುಗಳು. ಇಷ್ಟೆಲ್ಲ ಆದಮೇಲೆ ಬಂದವನು ಬೋಡೆ, ಹಾಗಾಗಿ ದಕ್ಷಿಣದ ಆಕಾಶ ಅವನಲ್ಲಿ ತುಂಬಿಕೊಂಡಿದೆ. ಏಪ್ರಿಲ್, ಮೇ ತಿಂಗಳ ರಾತ್ರಿ ತ್ರಿಶಂಕು ನೋಡಲು ಹೋಗುವವರು ಬೋಡೆಯ ದಕ್ಷಿಣದ ಹಾಳೆಯೊಂದನ್ನು ಇಟ್ಟುಕೊಳ್ಳಿ.

ಹಾಗಾದರೆ ಒಂದೇ ಅಟ್ಲಾಸ್ ಇಟ್ಟುಕೊಳ್ಳಬೇಕಾದರೆ? ನಮ್ಮ ಅಕ್ಷಾಂಶದಲ್ಲಿ ಇರುವವರಿಗೆ ನಾನು ಫೋರ್ತ್ಯಾಂನ ಸಣ್ಣ ಫ್ಲ್ಯಾಮ್‌ಸ್ಟೀಡ್, ಜೊತೆಗೆ ಬೋಡೆಯ ದಕ್ಷಿಣದ ಹಾಳೆಗಳು ಅನ್ನುತ್ತೇನೆ. ಒಂದೇ ಅಂತ ಹಟ ಹಿಡಿದರೆ ಬಾಯರ್. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರಿಗೆ ಈ ದಕ್ಷಿಣದ ಚಿಂತೆ ಅಷ್ಟಾಗಿ ಇಲ್ಲ, ಫ್ಲ್ಯಾಮ್‌ಸ್ಟೀಡ್ ಒಂದೇ ಸಾಕು. ಆಸ್ಟ್ರೇಲಿಯಾದಲ್ಲಿ ಇರುವವರು ನೇರವಾಗಿ ಬೋಡೆಗೆ ಹೋಗಿ.

ನಕ್ಷತ್ರದ ಜಾಗ ಬದಲಾಗಿರುವುದಿಲ್ಲವಾ?

ಈ ಪ್ರಶ್ನೆ ಬರುತ್ತದೆ. ಪುಂಜದ ಆಕಾರ ಇನ್ನೂರು ನಾನೂರು ವರ್ಷಕ್ಕೆ ಕಣ್ಣಿಗೆ ಕಾಣುವಷ್ಟು ಬದಲಾಗುವುದಿಲ್ಲ. ಬದಲಾಗುವುದು ಹಾಳೆಯ ಮೇಲಿನ ಚೌಕಳಿ ಗೆರೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಬಾಯರ್‌ನ ಗೆರೆಗಳು ಇವತ್ತಿಗೆ ಹತ್ತಿರ ಹತ್ತಿರ ಆರು ಡಿಗ್ರಿ ಆಚೆ, ಬೋಡೆಯವು ಮೂರು ಡಿಗ್ರಿ. ಆಕಾರ ನೋಡಿ ಹುಡುಕುವವರಿಗೆ ಏನೂ ತೊಂದರೆ ಇಲ್ಲ. ಗೆರೆಯ ಅಂಕಿಯನ್ನು ದೂರದರ್ಶಕಕ್ಕೆ ತುಂಬಲು ಹೋಗಬೇಡಿ ಅಷ್ಟೇ.

ನಮ್ಮ 27 ನಕ್ಷತ್ರಗಳನ್ನು ಈ ಹಾಳೆಗಳಲ್ಲಿ ಹುಡುಕುವುದು ಮಕ್ಕಳ ಜೊತೆ ಮಾಡಬಹುದಾದ ಒಳ್ಳೆಯ ಕೆಲಸ. ಕೃತ್ತಿಕೆ ಇರುವುದು ಗೂಳಿಯ ಭುಜದ ಮೇಲೆ, ರೋಹಿಣಿ ಅದರ ಕಣ್ಣು. ಆರ್ದ್ರಾ ಬೇಟೆಗಾರನ ಭುಜ. ಮಖಾ ಸಿಂಹದ ಎದೆ. ಚಿತ್ತಾ ಕನ್ಯೆಯ ಕೈಯ ತೆನೆ. ಜ್ಯೇಷ್ಠಾ ಚೇಳಿನ ಎದೆ, ಮೂಲಾ ಅದರ ಬಾಲದ ಕೊಂಡಿ. ಊರಿನಲ್ಲಿ ಆರಿದ್ರಾ ಮಳೆ ಅನ್ನುವುದನ್ನು ಕೇಳಿ ಬೆಳೆದ ಮಕ್ಕಳಿಗೆ ಆ ನಕ್ಷತ್ರ ಯಾವ ಜಾಗದಲ್ಲಿದೆ ಅಂತ ತೋರಿಸಿದರೆ ಖುಷಿಪಡುತ್ತಾರೆ. ಆದರೆ ತೋರಿಸುವುದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಆರಿದ್ರಾ ಮಳೆಯ ದಿನಗಳಲ್ಲಿ ಸೂರ್ಯನೇ ಆ ಕಡೆ ಇರುವುದರಿಂದ ನಕ್ಷತ್ರ ಕಾಣುವುದಿಲ್ಲ.

ಮಕ್ಕಳಿಗೆ ಅಂತಲೇ ಕೇಳಿದರೆ ಮೇಲಿನ ನಾಲ್ಕನ್ನೂ ಬಿಟ್ಟು ಯುರೇನಿಯಾಸ್ ಮಿರರ್ ನೋಡಿ. 1824ರಲ್ಲಿ ಲಂಡನ್‌ನಲ್ಲಿ ಬಂದ 32 ಬಣ್ಣದ ಕಾರ್ಡುಗಳ ಕಟ್ಟು. ಪ್ರತಿ ನಕ್ಷತ್ರದ ಜಾಗದಲ್ಲಿ ತೂತು, ಹೊಳಪಿಗೆ ತಕ್ಕ ಹಾಗೆ ದೊಡ್ಡದು ಚಿಕ್ಕದು. ದೀಪದ ಎದುರು ಹಿಡಿದರೆ ಪುಂಜ ಹೊಳೆಯುತ್ತದೆ. ಚಿತ್ರಗಳನ್ನು ಹೆಚ್ಚುಕಡಿಮೆ ಅಲೆಕ್ಸಾಂಡರ್ ಜೇಮಿಸನ್‌ನ 1822ರ ಅಟ್ಲಾಸ್‌ನಿಂದ ಇಳಿಸಿಕೊಂಡದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಕಾರ್ಡುಗಳ ಸ್ಕ್ಯಾನ್ ಇವೆ. ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಸೂಜಿ ದಬ್ಬಳ ಕೊಟ್ಟು ಮಕ್ಕಳಿಂದಲೇ ತೂತು ಮಾಡಿಸಿ. ಒಳಗಿನ ನೋಟದ್ದು, ಹಾಗಾಗಿ ಹೊರಗೆ ಹೋಗಿ ಹೋಲಿಸಿದರೂ ಸರಿಹೋಗುತ್ತದೆ. ಮೊದಲ ಮುದ್ರಣದಲ್ಲಿ ಪುಂಜದ ಸುತ್ತಲಿನ ನಕ್ಷತ್ರಗಳು ಇಲ್ಲ, ಮುಂದಿನದರಲ್ಲಿ ಸೇರಿಸಿದ್ದಾರೆ. ಸಾಧ್ಯವಾದರೆ ಎರಡನೆಯದನ್ನೇ ಆರಿಸಿ.

ಸೆಲ್ಲಾರಿಯಸ್‌ನ 1660ರ ಹಾರ್ಮೋನಿಯಾ ಮ್ಯಾಕ್ರೊಕಾಸ್ಮಿಕಾ ಬಗ್ಗೆ ಬಹಳ ಜನ ಕೇಳುತ್ತಾರೆ, ಯಾಕೆಂದರೆ ಪೋಸ್ಟರ್ ಅಂಗಡಿಗಳಲ್ಲಿ ಜಾಸ್ತಿ ಕಾಣುವುದು ಅದೇ. 29 ಹಾಳೆ, ಬಣ್ಣದ ವೈಭವ. ಅಲಂಕಾರಕ್ಕೆ ಸರಿ, ನಕ್ಷತ್ರ ಹುಡುಕಲು ಅಲ್ಲ. ಒಂದು ಹಾಳೆಯಲ್ಲಂತೂ ಆಕಾಶದ ಗೋಳದ ಮೂಲಕ ಒಳಗಿನ ಭೂಮಿ ಕಾಣುವ ಹಾಗೆ ಬರೆದಿದ್ದಾರೆ, ಪೂರ್ತಿ ಹೊರಗಿನ ನೋಟ. ಯುರೋಪು ಬಿಟ್ಟು ಬೇರೆಯದು ಬೇಕು ಅನ್ನುವವರಿಗೆ ಚೀನಾದ ಡುನ್‌ಹುವಾಂಗ್ ಸುರುಳಿ ಇದೆ, ಈಗ ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿ. 7ನೇ ಶತಮಾನದ್ದು ಅಂತ ವಿದ್ವಾಂಸರು ಹೇಳುತ್ತಾರೆ. 1,300ಕ್ಕೂ ಹೆಚ್ಚು ನಕ್ಷತ್ರ, ಕೈಯಲ್ಲಿ ಬರೆದದ್ದು. ಅಲ್ಲಿ ಸಿಂಹ, ಗೂಳಿಗಳ ದೊಡ್ಡ ಚಿತ್ರ ಇಲ್ಲ, ಚುಕ್ಕಿ ಮತ್ತು ಗೆರೆಯ ಸಣ್ಣ ಸಣ್ಣ ಗುಂಪುಗಳು. ನಮಗೆ ಪರಿಚಯದ ಪುಂಜಗಳನ್ನು ಅದರಲ್ಲಿ ಹುಡುಕಲು ತಾಳ್ಮೆ ಬೇಕು.

ಪ್ರಿಂಟ್ ಹಾಕಿಸುವಾಗ

ಈ ಅಟ್ಲಾಸ್‌ಗಳಿಗೆಲ್ಲ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಕ್ಯಾನ್ಸಸ್ ಸಿಟಿಯ ಲಿಂಡಾ ಹಾಲ್ ಲೈಬ್ರರಿ ಹಳೆಯ ತಾರಾ ಅಟ್ಲಾಸ್‌ಗಳ ಒಳ್ಳೆಯ ಸ್ಕ್ಯಾನ್‌ಗಳನ್ನು ಇಟ್ಟಿದೆ, ವಿಕಿಮೀಡಿಯಾ ಕಾಮನ್ಸ್‌ನಲ್ಲೂ ಸಿಗುತ್ತವೆ. ಹಾಗಿರುವಾಗ ಪೋಸ್ಟರ್ ಫೈಲಿಗೆ ಅಂತ ದುಡ್ಡು ಕೊಡುವುದು ಸುಮ್ನೆ ದಂಡ. ಫೈಲಿನ ಅಳತೆ ಮಾತ್ರ ನೋಡಿಕೊಳ್ಳಿ. ಎ2 ಗಾತ್ರಕ್ಕೆ 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕಿ, ಬೇಕೆಂದರೆ ಸುಮಾರು 4,960 ಗುಣಿಸು 7,016 ಪಿಕ್ಸೆಲ್ ಇರಬೇಕು. ದೂರದಿಂದ ನೋಡುವ ಗೋಡೆ ಚಿತ್ರಕ್ಕೆ ಅದರ ಅರ್ಧವಾದರೂ ನಡೆಯುತ್ತದೆ. ಬೋಡೆಗೆ ನಡೆಯುವುದಿಲ್ಲ, ಅಲ್ಲಿನ ಸಣ್ಣ ನಕ್ಷತ್ರಗಳು ಧೂಳಿನ ಹಾಗೆ ಆಗಿಬಿಡುತ್ತವೆ. ಮಿನುಗುವ ಕಾಗದ ಬೇಡ, ಮ್ಯಾಟ್ ಕೇಳಿ. ತಾಮ್ರದ ಕೆತ್ತನೆಯ ತೆಳು ಗೆರೆಗೆ ಬೆಳಕು ಹೊಳೆದರೆ ಏನೂ ಕಾಣುವುದಿಲ್ಲ. ಅಂಗಡಿಯವರು ಹಳೆ ಕಾಗದದ ಹಳದಿ ತೆಗೆದು ಬಿಳಿ ಮಾಡಿಕೊಡುತ್ತೇವೆ ಅನ್ನಬಹುದು. ಬಾಯರ್‌ಗೆ ಮಾಡಿಸಿ, ಓದಲು ಸುಲಭವಾಗುತ್ತದೆ. ಹೆವೇಲಿಯಸ್‌ನ ನೆರಳಿನ ಗೆರೆಗಳು ಮಾತ್ರ ಆ ಕೆಲಸದಲ್ಲಿ ಅಳಿಸಿಹೋಗುತ್ತವೆ, ಅದನ್ನು ಹಾಗೇ ಬಿಡಲು ಹೇಳಿ.

ಮೂಲ ಹಾಳೆಯನ್ನೇ ಕೊಳ್ಳುವ ಆಸೆ ಇರುವವರಿಗೆ ಒಂದು ಮಾತು. ಮಾರಾಟಕ್ಕೆ ಬರುವ ಬಿಡಿ ಹಾಳೆಗಳಲ್ಲಿ ಬಹಳಷ್ಟು ಯಾವುದೋ ಪೂರ್ತಿ ಪುಸ್ತಕದಿಂದ ಕಿತ್ತವು. ನಾಲ್ಕು ನೂರು ವರ್ಷ ಒಟ್ಟಿಗೆ ಉಳಿದ 51 ಹಾಳೆಗಳನ್ನು ಯಾರೋ ಬಿಡಿಬಿಡಿಯಾಗಿ ಮಾರಿದರೆ ಆ ಪುಸ್ತಕ ಮತ್ತೆ ಕೂಡುವುದಿಲ್ಲ. ನನಗೆ ಇದು ಒಪ್ಪಿಗೆ ಆಗುವುದಿಲ್ಲ. ಕೊಳ್ಳಲೇಬೇಕು ಅಂದರೆ ಮೊದಲಿನಿಂದಲೂ ಬಿಡಿ ಕಾರ್ಡಾಗಿಯೇ ಬಂದ ಯುರೇನಿಯಾಸ್ ಮಿರರ್ ಕಾರ್ಡು ಹುಡುಕಿ, ಬೆಳಕಿಗೆ ಹಿಡಿದು ತೂತುಗಳು ಹರಿಯದೆ ಇವೆಯೇ ಅಂತ ನೋಡಿ, ತಾಮ್ರದ ಕೆತ್ತನೆಯ ಹಾಳೆಯಾದರೆ ಅಂಚಿನ ಸುತ್ತ ತಗಡು ಒತ್ತಿದ ತಗ್ಗು ಗೆರೆ ಇದೆಯೇ ಅಂತ ಬೆರಳಾಡಿಸಿ ನೋಡಿ. ಆ ಗೆರೆ ಇಲ್ಲದಿದ್ದರೆ ಒಂದೋ ಅಂಚು ಕತ್ತರಿಸಿದ್ದಾರೆ, ಇಲ್ಲವೇ ಅದು ಈಚಿನ ಪ್ರಿಂಟ್.